ಎತ್ತುವ ಕೈ, ಕೊಡುವ ಕೈ

ಸೊಲ್ಲಾಪುರದವರಿಗೂ ಸಮುದ್ರಕ್ಕೂ ಏನು ಸಂಬಂಧ? ನಮ್ಮದು ಎರೆಯ ನಾಡು, ಜೋಳದ ನಾಡು. ಮಳೆ ತಪ್ಪಿದ ವರುಷ ಮುಗಿಲು ನೋಡುತ್ತ ಕುಳಿತುಕೊಳ್ಳುವ ಜನರ ನಾಡು. ನನ್ನ ವಿದ್ಯಾರ್ಥಿಗಳಲ್ಲಿ ಬಹುಜನರು ಸಮುದ್ರವನ್ನು ಭೂಗೋಲದ ಪುಸ್ತಕದಲ್ಲಿ ಮಾತ್ರ ಕಂಡವರು. ಅವರಿಗೆ ನೀರೆಂದರೆ ಸಿದ್ಧರಾಮನ ಕೆರೆ, ಊರ ಬಾವಿ, ಇಲ್ಲವೆ ಬೇಸಗೆಯಲ್ಲಿ ಉಸುಕಾಗಿ ಮಲಗಿ ಮಳೆಗಾಲದಲ್ಲಿ ಕೆಂಪಾಗಿ ಏಳುವ ಭೀಮೆ. ಇಂಥ ಸೀಮೆಯ ಕನ್ನಡ ಸಂಘದ ಪತ್ರಿಕೆಯಲ್ಲಿ, ಕಡಲಿನಲ್ಲಿ ಮುಳುಗುವವರನ್ನು ಎತ್ತುವ ಸ್ವಯಂಸೇವಕರ ವಿಷಯವನ್ನೂ ಅವರ ಖರ್ಚುವೆಚ್ಚದ ವಿಷಯವನ್ನೂ ಬರೆಯಹೊರಟರೆ ವಾಚಕರು ನಕ್ಕಾರು. ಆದರೆ ಈ ವಿಷಯವನ್ನು ನಾನಾಗಿ ಆರಿಸಿಕೊಳ್ಳಲಿಲ್ಲ. ಒಬ್ಬ ಹುಡುಗನ ಪ್ರಶ್ನೆ ನನ್ನನ್ನು ಇದರೊಳಗೆ ಎಳೆದು ತಂದಿತು.

ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ನಾನು ಮಾಸ್ತರ. ಒಂದು ದಿನ ಎಂಟನೆಯ ಇಯತ್ತೆಯ ಮಕ್ಕಳಿಗೆ ಇಂಗ್ಲೆಂಡಿನ ಜೀವರಕ್ಷಕ ದೋಣಿಗಳ ಕಥೆಯನ್ನು ಹೇಳುತ್ತಿದ್ದೆ. ಬಿರುಗಾಳಿಯ ರಾತ್ರಿ ಕರೆ ಬಂದೊಡನೆ ಊಟದ ತಟ್ಟೆಯನ್ನು ಬಿಟ್ಟು ಮೀನುಗಾರನೂ ಬಡಿಗನೂ ಅಂಗಡಿಕಾರನೂ ದಂಡೆಗೆ ಓಡುತ್ತಾರೆ. ಹಾಗೆ ಓಡುವವರಲ್ಲಿ ಬಹುಪಾಲು ಜನಕ್ಕೆ ಸಂಬಳವಿಲ್ಲ. ದೋಣಿ, ಎಣ್ಣೆ, ಹಗ್ಗ, ಅಂಗಿ ಎಲ್ಲದರ ಖರ್ಚೂ ಹೆಚ್ಚಾಗಿ ಜನರು ಕೊಟ್ಟ ವಂತಿಗೆಯಿಂದಲೇ ನಡೆಯುತ್ತದೆ ಎಂದು ನಾನು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸರ, ಮುಳುಗಾವ್ರನ್ನ ಎತ್ತಾಕೂ ಪಟ್ಟಿ ಎತ್ತಬೇಕೇನ್ರಿ?”

ವರ್ಗವೆಲ್ಲ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನಮ್ಮ ಭಾಷೆಯ ಚಮತ್ಕಾರವೇ ಅಂಥದು: ಮನುಷ್ಯನನ್ನು ನೀರಿನಿಂದ ಎತ್ತುವುದೂ ‘ಎತ್ತುವುದೇ’; ಜಾತ್ರೆಗೆಂದು ಮನೆಮನೆ ತಿರುಗಿ ರೊಕ್ಕ ಕೂಡಿಸುವುದೂ ‘ಎತ್ತುವುದೇ’. ಆದರೆ ಮನೆಗೆ ಬಂದ ಮೇಲೆ ಆ ನಗೆ ನಿಲ್ಲಲಿಲ್ಲ. ಹುಡುಗನ ಒಂದು ವಾಕ್ಯದಲ್ಲಿ ಎರಡು ಪ್ರಶ್ನೆಗಳು ಅಡಗಿದ್ದುವು. ಪ್ರಾಣವನ್ನು ಉಳಿಸುವ ಕೆಲಸ ಮನಸ್ಸಿದ್ದವರು ಕೊಡುವ ಹಣದ ಮೇಲೆ ನಿಲ್ಲಬೇಕೇ, ಎಲ್ಲರೂ ಕೊಡಲೇಬೇಕಾದ ಕರದ ಮೇಲೆ ನಿಲ್ಲಬೇಕೇ? ಎರಡನೆಯದು: ಪ್ರಾಣವನ್ನು ಉಳಿಸಿದವನು ಅದಕ್ಕಾಗಿ ಏನನ್ನಾದರೂ ತೆಗೆದುಕೊಳ್ಳಬಹುದೇ? ತೆಗೆದುಕೊಂಡರೆ ಅವನ ಪುಣ್ಯ ಕಡಮೆಯಾಗುವುದೇ? ಈ ಎರಡನ್ನೂ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಸುತ್ತಲಿನ ಕಡಲಿನಲ್ಲಿ ಪ್ರತಿವರ್ಷವೂ ಎಷ್ಟೋ ಹಡಗುಗಳು ಒಡೆಯುತ್ತಿದ್ದುವು. ದಂಡೆಯ ಜನ ನಿಂತು ನೋಡುತ್ತಿದ್ದರು. ಕೆಲವೆಡೆ ಧೈರ್ಯವಂತರು ತಮ್ಮ ದೋಣಿಗಳಲ್ಲಿ ಹೋಗಿ ತಾವೂ ಸಾಯುತ್ತಿದ್ದರು. ಮ್ಯಾನ್ ದ್ವೀಪದ ಡಗ್ಲಸ್ ಎಂಬ ಊರಿನಲ್ಲಿದ್ದ ಸರ್ ವಿಲಿಯಂ ಹಿಲರಿ ಇದನ್ನು ಕಣ್ಣಾರೆ ಕಂಡು 1823ರಲ್ಲಿ ಒಂದು ಬಿನ್ನಹದ ಪುಸ್ತಿಕೆಯನ್ನು ಅಚ್ಚು ಹಾಕಿಸಿದನು. ಸರಕಾರದ ನೌಕಾಖಾತೆಯಿಂದ ಅವನು ಬಯಸಿದ ಉತ್ತರ ದೊರೆಯಲಿಲ್ಲ. ಆಗ ಅವನು ಧನಿಕರ, ಸಜ್ಜನರ ಕಡೆಗೆ ತಿರುಗಿದನು. 1824ನೆಯ ಮಾರ್ಚ್ 4ರಂದು ಲಂಡನ್ನಿನಲ್ಲಿ ಕೂಡಿದ ಸಭೆಯಲ್ಲಿ ಒಂದು ಸಂಸ್ಥೆ ಹುಟ್ಟಿತು. 1854ರಲ್ಲಿ ಅದೇ ರಾಯಲ್ ನ್ಯಾಶನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಶನ್ ಎಂಬ ಹೆಸರನ್ನು ಪಡೆಯಿತು. ಯುದ್ಧಕಾಲವಾಗಲಿ ಶಾಂತಿಕಾಲವಾಗಲಿ, ಯಾವ ದೇಶದವನೇ ಆಗಲಿ, ಅವನನ್ನು ಎತ್ತಬೇಕೆಂದೂ, ಎತ್ತಹೋಗಿ ಸತ್ತವರ ಹೆಂಡಿರು ಮಕ್ಕಳಿಗೆ ಆಧಾರ ಕೊಡಬೇಕೆಂದೂ ಮೊದಲಿನಿಂದಲೇ ಅದರ ಸಂಕಲ್ಪವಾಗಿತ್ತು. ಹಿಲರಿ ಬರಿಯ ಲೇಖನಿಯ ವೀರನಲ್ಲ. 1830ರಲ್ಲಿ, ಅರವತ್ತರ ಹತ್ತಿರದ ವಯಸ್ಸಿನಲ್ಲಿ, ತಾನೇ ದೋಣಿ ಹತ್ತಿ ಹೋಗಿ ಪಕ್ಕೆಲುಬು ಮುರಿದುಕೊಂಡು ಬಂದನು. ಕೊನೆಗಾಲದಲ್ಲಿ ಮಾತ್ರ ಅವನನ್ನು ಸಾಲ ಮುತ್ತಿತ್ತು.

ಆ ಸಂಸ್ಥೆಯ ಹಣದ ಇತಿಹಾಸ ನಮ್ಮ ಪ್ರಶ್ನೆಗೆ ಬಹಳ ಉಪಯುಕ್ತವಾಗಿದೆ. ಮೊದಲ ಉತ್ಸಾಹ ಇಳಿದ ಮೇಲೆ ವಂತಿಗೆ ಬತ್ತಿತು. 1854ರಿಂದ ಸಂಸ್ಥೆ ಸರಕಾರದ ಸಹಾಯಧನವನ್ನು ಪಡೆಯತೊಡಗಿತು. 1869ರಲ್ಲಿ ಅದನ್ನು ಬಿಟ್ಟುಕೊಟ್ಟಿತು. ಸರಕಾರದ ರೊಕ್ಕದ ಸಂಗಡ ಸರಕಾರದ ಕಟ್ಟಳೆಯೂ ಬರುವುದು; ಸರಕಾರ ಕೊಡುತ್ತದೆಂದು ತಿಳಿದ ಜನ ತಾವು ಕೊಡುವುದನ್ನು ಬಿಡುವರು ಎಂಬ ಆಲೋಚನೆ ಇದರ ಹಿಂದಿತ್ತು. ಅಲ್ಲಿಂದ ಮುಂದೆ ಅದು ಬಹುಮಟ್ಟಿಗೆ ಜನರ ಕಾಣಿಕೆಯ ಮೇಲೆಯೇ ನಿಂತಿದೆ. 2024ರಲ್ಲಿ ಅದಕ್ಕೆ ಇನ್ನೂರು ವರ್ಷ ತುಂಬಿತು; ಈ ಅವಧಿಯಲ್ಲಿ 1,40,000ಕ್ಕಿಂತ ಹೆಚ್ಚು ಜೀವಗಳನ್ನು ಅದು ಉಳಿಸಿದೆ. ಅದರ ಆದಾಯದ ಅರ್ಧಕ್ಕಿಂತ ಹೆಚ್ಚಿನ ಪಾಲು ಸತ್ತವರ ಮೃತ್ಯುಪತ್ರಗಳಿಂದ ಬರುತ್ತದೆ. ಇದನ್ನು ಓದಿದಾಗ ನಾನು ಕ್ಷಣಕಾಲ ಪುಸ್ತಕವನ್ನು ಮಡಿಚಿಟ್ಟೆ. ತನ್ನ ಹಾಸಿಗೆಯಲ್ಲಿ ಸಾಯುವ ಮುದುಕಿಯೊಬ್ಬಳು, ತಾನೆಂದೂ ಕಾಣದ, ಬಹುಶಃ ಇನ್ನೂ ಹುಟ್ಟಿರದ ಯಾವನೋ ಒಬ್ಬನು ನೀರಿನಲ್ಲಿ ಸಾಯಬಾರದೆಂದು ಬರೆದಿಟ್ಟು ಹೋಗುತ್ತಾಳೆ!

ಜರ್ಮನಿಯಲ್ಲಿಯೂ ಇಂಥದೊಂದು ಸಂಸ್ಥೆ 1865ರಲ್ಲಿ ಹುಟ್ಟಿತು. 1875ರಿಂದ ಅಲ್ಲಿ ಪುಟ್ಟ ದೋಣಿಯ ಆಕಾರದ ಕಾಣಿಕೆಯ ಪೆಟ್ಟಿಗೆಗಳು ಅಂಗಡಿಗಳಲ್ಲಿ, ಉಪಾಹಾರ ಗೃಹಗಳಲ್ಲಿ ಕುಳಿತಿವೆ. ಚೀನದ ಯಾಂಗ್‌ಟ್ಸೆ ನದಿಯ ಮೇಲೆ, ಝೆನ್‌ಜಿಯಾಂಗ್ ಎಂಬ ಊರಿನಲ್ಲಿ, ಸ್ಥಳೀಯ ಪ್ರಮುಖರು ಕೂಡಿ 1708ರಷ್ಟು ಹಿಂದೆಯೇ ಜೀವರಕ್ಷಕ ಸಂಘವನ್ನು ಕಟ್ಟಿದ್ದರು. ಆದುದರಿಂದ ಇದನ್ನು ಇಂಗ್ಲಿಷರ ಸೊತ್ತೆಂದಾಗಲಿ ಕಡಲಿನವರ ಸೊತ್ತೆಂದಾಗಲಿ ತಿಳಿಯಬೇಕಾಗಿಲ್ಲ. ನೀರಿದ್ದಲ್ಲಿ ಮುಳುಗುವವನಿದ್ದಾನೆ, ಮುಳುಗುವವನಿದ್ದಲ್ಲಿ ಹಾರುವವನೊಬ್ಬನು ಹುಟ್ಟಿಯೇ ಹುಟ್ಟುತ್ತಾನೆ.

ಹಾರುವವನ ಬೆಲೆಯೇನು? 1886ನೆಯ ಡಿಸೆಂಬರ 9ರ ರಾತ್ರಿ ಇಂಗ್ಲೆಂಡಿನ ಪಶ್ಚಿಮ ದಂಡೆಯಲ್ಲಿ ‘ಮೆಕ್ಸಿಕೊ’ ಎಂಬ ಜರ್ಮನ್ ಹಡಗು ಉಸುಕಿನ ದಿಬ್ಬಕ್ಕೆ ಸಿಕ್ಕಿತು. ಮೂರು ಊರುಗಳಿಂದ ಮೂರು ದೋಣಿಗಳು ಹೊರಟುವು. ಲಿದಂ ಎಂಬ ಊರಿನ ದೋಣಿ ಹಡಗಿನ ಹನ್ನೆರಡು ಜನರನ್ನೂ ಉಳಿಸಿತು. ಉಳಿದೆರಡು ದೋಣಿಗಳು ಮಗುಚಿ 27 ಜನ ಅಂಬಿಗರು ಸತ್ತರು. ಹನ್ನೆರಡು ಪರದೇಶಿಗಳಿಗಾಗಿ ಇಪ್ಪತ್ತೇಳು ಜನ! ವ್ಯಾಪಾರಿಯ ತಕ್ಕಡಿಯಲ್ಲಿ ಈ ಲೆಕ್ಕ ಕೂಡುವುದಿಲ್ಲ. ಆ ವಿಧವೆಯರ ಮತ್ತು ಮಕ್ಕಳ ಗತಿಯನ್ನು ಕಂಡ ಸರ್ ಚಾರ್ಲ್ಸ್ ಮೆಕಾರಾ ಎಂಬ ಹತ್ತಿಯ ಗಿರಣಿಯ ಉದ್ಯಮಿ 1891ರಲ್ಲಿ ಮ್ಯಾಂಚೆಸ್ಟರದ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿ ವಂತಿಗೆ ಎತ್ತಿಸಿದನು. ಮೇಲಂತಸ್ತಿನ ಕಿಡಕಿಗಳಿಗೂ ಟ್ರಾಮುಗಳ ಮಾಳಿಗೆಗೂ ಎಟಕುವಂತೆ ಉದ್ದ ಕೋಲುಗಳಿಗೆ ಚೀಲ ಕಟ್ಟಿ ಹಿಡಿದರಂತೆ. ಒಂದೇ ದಿನ 5,000 ಪೌಂಡುಗಳಿಗಿಂತ ಹೆಚ್ಚು ಕೂಡಿತು. ಅಲ್ಲಿಯವರೆಗೆ ಸಿರಿವಂತರ ದೊಡ್ಡ ಹುಂಡಿಗಳಿಂದ ನಡೆಯುತ್ತಿದ್ದ ಸಂಸ್ಥೆಗೆ ಕೂಲಿಕಾರರ ಚಿಲ್ಲರೆ ಕಾಸು ಸೇರಿತು. ಗಿರಣಿಯ ಸಿಳ್ಳಿಗೆ ಎದ್ದು ಗಿರಣಿಯ ಸಿಳ್ಳಿಗೆ ಮಲಗಿದ ಸೊಲ್ಲಾಪುರದವರಾದ ನಮಗೆ ಆ ಕೂಲಿಕಾರರ ಕಾಸಿನ ತೂಕ ಬೇಗನೆ ತಿಳಿದೀತು.

ನಮ್ಮ ಸೊಲ್ಲಾಪುರದಲ್ಲಿಯೂ ಇದಕ್ಕೆ ಹೋಲುವ ಒಂದು ಕಥೆಯಿದೆ. 1910ರಲ್ಲಿ ಇಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸರು 1938ರಲ್ಲಿ ಇನ್ನೂ ನಾಲ್ವರು ವೈದ್ಯರೊಡನೆ ಚೀನಕ್ಕೆ ಹೋದರು. ಯುದ್ಧದಲ್ಲಿ ಗಾಯಗೊಂಡವರ ಸೇವೆಯಲ್ಲಿಯೇ ಅವರು 1942ನೆಯ ಡಿಸೆಂಬರ 9ರಂದು ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸ್ಮಾರಕವನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಆದರೆ ಆ ತಂಡವನ್ನು ಕಳುಹಿಸಲು ಕಾಂಗ್ರೆಸ್ಸಿನ ಅಂದಿನ ಅಧ್ಯಕ್ಷರಾದ ಸುಭಾಷಚಂದ್ರ ಬೋಸರ ಕರೆಯಂತೆ ಜನರಿಂದ 22,000 ರೂಪಾಯಿ ಕೂಡಿಸಲಾಗಿತ್ತೆಂಬುದನ್ನು ನಾವು ಮಕ್ಕಳಿಗೆ ಹೇಳುವುದಿಲ್ಲ. ಕೋಟ್ನಿಸರು ಪ್ರಾಣವನ್ನು ಕೊಟ್ಟರು. ಹೆಸರಿಲ್ಲದ ಸಾವಿರಾರು ಜನ ಆಣೆ ಪಾವಲಿಗಳನ್ನು ಕೊಟ್ಟರು. ಎರಡರ ತೂಕ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಆ ಆಣೆಗಳು ಇಲ್ಲದಿದ್ದರೆ ಮುಂಬಯಿಯಿಂದ ಹಡಗು ಹತ್ತುವುದೇ ಆಗುತ್ತಿರಲಿಲ್ಲ.

ಇನ್ನು ಪಡೆಯುವವನ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳೋಣ. 2018ನೆಯ ಆಗಸ್ಟಿನಲ್ಲಿ ಕೇರಳ ನೀರಿನಲ್ಲಿ ಮುಳುಗಿತು. ಆಗ ಕಡಲಿನ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು, ಯಾವ ಅಪ್ಪಣೆಗೂ ಕಾಯದೆ, ಒಳನಾಡಿಗೆ ನುಗ್ಗಿದರು. ಸರಕಾರದ ಲೆಕ್ಕದಂತೆ 669 ದೋಣಿಗಳಲ್ಲಿ 4,537 ಜನ ಮೀನುಗಾರರು ಕೂಡಿ 65,000 ಜನರನ್ನು ಉಳಿಸಿದರು. ದೋಣಿ ಹತ್ತಲಾರದ ಹೆಂಗಸರಿಗಾಗಿ ಒಬ್ಬನು ನೀರಿನಲ್ಲಿ ಬಾಗಿ ತನ್ನ ಬೆನ್ನನ್ನೇ ಮೆಟ್ಟಿಲಾಗಿಸಿದ ಚಿತ್ರವನ್ನು ದೇಶವೆಲ್ಲ ಕಂಡಿತು. ನೀರಿಳಿದ ಮೇಲೆ ಸರಕಾರವು ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿಗಳನ್ನೂ ಎಣ್ಣೆಯ ಖರ್ಚನ್ನೂ ಕೊಡುವುದಾಗಿ ಸಾರಿತು. ಕೊಚ್ಚಿಯ ಒಬ್ಬ ತರುಣ ಮೀನುಗಾರನು ಮುಖ್ಯಮಂತ್ರಿಗಳನ್ನು ಉದ್ದೇಶಿಸಿ, ಅಣ್ಣತಮ್ಮಂದಿರನ್ನು ಉಳಿಸಿದ್ದಕ್ಕೆ ತಮಗೆ ಹಣ ಬೇಡವೆಂದು ವಿನಯದಿಂದ ಹೇಳಿದನು. ಕೆಟ್ಟ ದೋಣಿಗಳನ್ನು ಸರಿಪಡಿಸಿಕೊಡುವ ಮಾತನ್ನು ಮಾತ್ರ ಆದರದಿಂದ ಸ್ವಾಗತಿಸಿದನು.

ಈ ತರುಣನ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಪ್ರಾಣಕ್ಕೆ ಬೆಲೆ ಕಟ್ಟಿಸಿಕೊಳ್ಳಲು ಅವನು ಒಪ್ಪಲಿಲ್ಲ. ದೋಣಿಗೆ ಬಿದ್ದ ತೂತನ್ನು ಮುಚ್ಚಿಸಿಕೊಳ್ಳಲು ಒಪ್ಪಿದನು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ತೋರಿದ ವಿವೇಕವೇ ಇದು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಆ ತಾಯಿ ಹಿಂದಕ್ಕೆ ಕಳುಹಿಸಿದಳು. ಆದರೆ ಬರಿಗೈಯಲ್ಲಿ ಬಾ ಎಂದು ಹೇಳಲಿಲ್ಲ. ಅಂದಿನ ಅಡಿಗೆಗೂ ದಾಸೋಹಕ್ಕೂ ಬೇಕಾದ ಅಕ್ಕಿ ಬೇಕೇ ಬೇಕು. ಕಾಯಕಕ್ಕೆ ಕಾಯವಿರಬೇಕು, ಕಾಯಕ್ಕೆ ಅನ್ನವಿರಬೇಕು. ಶರಣರು ತಿರಸ್ಕರಿಸಿದ್ದು ಹೆಚ್ಚಳವನ್ನು, ಅಗತ್ಯವನ್ನಲ್ಲ. ಅಂಬಿಗರ ಚೌಡಯ್ಯನು ವಚನಗಳನ್ನು ನುಡಿದನು. ಹುಟ್ಟು ಹಾಕುವ ಕಾಯಕವನ್ನೇ ತನ್ನ ಹೆಸರಾಗಿ ಹೊತ್ತನು.

ಆದುದರಿಂದ ರಕ್ಷಕನು ಪಡೆಯುವುದರಲ್ಲಿ ಎರಡು ಪಾಲುಗಳನ್ನು ಬೇರೆ ಮಾಡಬೇಕು. ಒಂದು ಧೈರ್ಯಕ್ಕೆ ಕೊಡುವ ಬೆಲೆ. ಅದನ್ನು ಕೊಡುವುದೂ ಶಕ್ಯವಿಲ್ಲ, ಪಡೆಯುವುದೂ ಶೋಭಿಸುವುದಿಲ್ಲ. ಇನ್ನೊಂದು ಮುರಿದ ಹಲಗೆ, ಸುಟ್ಟ ಎಣ್ಣೆ, ಹೋದ ದಿನಗೂಲಿ, ಸತ್ತರೆ ಅನಾಥವಾಗುವ ಸಂಸಾರ. ಇದು ಬೆಲೆಯಲ್ಲ, ನಮ್ಮ ಸಾಲ. ಸಾಲವನ್ನು ತೀರಿಸಿದವನಿಗೆ ದಾನಿ ಎಂಬ ಹೆಸರಿಲ್ಲ. ಒಬ್ಬ ರಕ್ಷಕನು ಆ ಸಾಲವನ್ನೂ ಬಿಟ್ಟುಕೊಟ್ಟರೆ ಅದು ಅವನ ಔದಾರ್ಯ. ಬೇಡವೆನ್ನುವ ಹಕ್ಕು ಅವನದು. ಅವನ ಪರವಾಗಿ ‘ಅವನಿಗೆ ಬೇಡ’ ಎನ್ನುವ ಹಕ್ಕು ನಮಗಿಲ್ಲ.

ಈ ವಾಕ್ಯವನ್ನು ಬರೆಯುವ ಅಧಿಕಾರ ನನಗೆ ಸುಲಭವಾಗಿ ಬರಲಿಲ್ಲ. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

2020ನೆಯ ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರ ಬಂದುದು ವಾಚಕರಿಗೆ ನೆನಪಿರಬಹುದು. ಸೊಲ್ಲಾಪುರ, ವಿಜಯಪುರ, ಕಲಬುರಗಿ ಮೂರೂ ಜಿಲ್ಲೆಗಳ ನದೀತೀರ ನೀರಾಯಿತು. ದಂಡೆಯ ಒಂದು ಹಳ್ಳಿಯಲ್ಲಿ ವಯಸ್ಸಾದ ಒಬ್ಬ ಅಂಬಿಗ ತನ್ನ ಹಳೆಯ ದೋಣಿಯಲ್ಲಿ ಎರಡು ದಿನ, ಸರಕಾರದ ದೋಣಿಗಳು ಬರುವ ಮೊದಲೇ, ಹೊಲದ ವಸ್ತಿಗಳಲ್ಲಿ ಸಿಕ್ಕಿಕೊಂಡವರನ್ನು ದಾಟಿಸಿದನು. ಎರಡನೆಯ ಸಂಜೆ ನೀರಿನೊಳಗಿನ ಬೊಡ್ಡೆಯೊಂದು ಬಡಿದು ದೋಣಿಯ ತಳದ ಹಲಗೆ ಸೀಳಿತು. ಹೇಗೋ ದಡ ಸೇರಿದರು. ಪೂರ ಇಳಿದ ಮೇಲೆ ಊರವರೆಲ್ಲ ಕೂಡಿ ಅವನಿಗೆ ಸತ್ಕಾರ ಮಾಡಿದೆವು. ಶಾಲು ಹೊದಿಸಿದೆವು, ಟೆಂಗಿನಕಾಯಿ ಕೊಟ್ಟೆವು. ಭಾಷಣ ಮಾಡಿದವನು ನಾನೇ. ನಿಷ್ಕಾಮ ಕರ್ಮದ ಮಹಿಮೆಯನ್ನು ಅರ್ಧ ತಾಸು ಬಣ್ಣಿಸಿದೆ. “ಈ ಮಹಾನುಭಾವರು ಏನನ್ನೂ ಬಯಸಿದವರಲ್ಲ” ಎಂದು ನಾನು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಮುದುಕನು ತಲೆ ತಗ್ಗಿಸಿ ಕುಳಿತಿದ್ದನು. ಅದನ್ನು ನಾನು ವಿನಯವೆಂದು ತಿಳಿದೆ.

ಮೊನ್ನೆ ಪಟ್ಟಿಯ ಪ್ರಶ್ನೆ ಕೇಳಿದ ಹುಡುಗನು ಆ ಅಂಬಿಗನ ಮೊಮ್ಮಗ. ಶಾಲೆ ಬಿಟ್ಟ ಮೇಲೆ ಅವನನ್ನು ಕರೆದು, ಏಕೆ ಹಾಗೆ ಕೇಳಿದೆಯೆಂದು ವಿಚಾರಿಸಿದೆ. ಅವನು ನೆಲ ನೋಡುತ್ತ ಹೇಳಿದ: “ನಮ್ಮಜ್ಜನ ದೋಣಿ ಇನ್ನೂ ದಂಡಿ ಮ್ಯಾಲ ಬೋರಲ ಬಿದ್ದದರಿ. ಹಲಗಿ ಹಾಕಸಾಕ ರೊಕ್ಕಿಲ್ಲ. ಅಜ್ಜ ಕಬ್ಬ ಕಡ್ಯಾಕ ಹೋಗ್ತಾನ. ಅಂವ ಏನೂ ಬ್ಯಾಡಂತ ನಿಮಗ ಹೇಳಿದ್ದನೇನ್ರಿ ಸರ?” ಹೇಳಿರಲಿಲ್ಲ. ನಾವು ಕೇಳಿಯೇ ಇರಲಿಲ್ಲ. ನಮ್ಮ ಸ್ತುತಿಯೇ ಅವನ ಬಾಯನ್ನು ಕಟ್ಟಿತ್ತು. ಅಷ್ಟು ಜನರ ಮುಂದೆ ನಿಷ್ಕಾಮಿಯೆಂದು ಹೊಗಳಿಸಿಕೊಂಡವನು ಹಲಗೆಯ ರೊಕ್ಕವನ್ನು ಹೇಗೆ ಕೇಳಿಯಾನು? ಹೊಗಳಿಕೆಯೂ ಒಮ್ಮೊಮ್ಮೆ ಸಾಲವನ್ನು ತಪ್ಪಿಸುವ ಉಪಾಯವಾಗುತ್ತದೆಂದು ಆ ದಿನ ನಾನು ಕಲಿತೆ.

ಇನ್ನು ಮೊದಲನೆಯ ಪ್ರಶ್ನೆ: ಸಾಲ ನಮ್ಮದೆಂದು ಒಪ್ಪಿದರೆ, ‘ನಾವು’ ಎಂದರೆ ಯಾರು? ಉಳಿದವನೇ ಕೊಡಲೆಂದು ಕೆಲವರು ಹೇಳಬಹುದು. ಕಡಲಿನ ಕಾಯಿದೆ ಇದನ್ನು ಬಹುಕಾಲದ ಹಿಂದೆಯೇ ಯೋಚಿಸಿದೆ. ಅಪಾಯದಲ್ಲಿದ್ದ ಹಡಗನ್ನೂ ಸರಕನ್ನೂ ಉಳಿಸಿದವನಿಗೆ ಅದರ ಒಡೆಯರು ಇನಾಮು ಕೊಡಬೇಕು; ಆದರೆ ಪ್ರಾಣವುಳಿಸಿಕೊಂಡ ಮನುಷ್ಯನಿಂದ ಏನನ್ನೂ ಕೇಳುವಂತಿಲ್ಲ. 1989ರ ಅಂತರರಾಷ್ಟ್ರೀಯ ಒಪ್ಪಂದವೂ ಇದೇ ತತ್ತ್ವವನ್ನು ಎತ್ತಿಹಿಡಿದಿದೆ. ಹೊರನೋಟಕ್ಕೆ ಇದು ವಿಚಿತ್ರ: ಅರಳೆಯ ಮೂಟೆಯನ್ನು ಉಳಿಸಿದರೆ ಹಣ, ಮನುಷ್ಯನನ್ನು ಉಳಿಸಿದರೆ ಇಲ್ಲ. ಆದರೆ ಒಳಗೆ ವಿವೇಕವಿದೆ. ಮುಳುಗುವವನ ಜೇಬನ್ನು ನೋಡಿ ಹಗ್ಗ ಎಸೆಯುವ ಕಾಲ ಬಂದರೆ ಬಡವನ ಕಡೆಗೆ ಹಗ್ಗ ಬಾರದು. ಹಗ್ಗಕ್ಕೆ ಕಣ್ಣಿರಬಾರದು.

ಹಾಗಾದರೆ ಸರಕಾರ ಕೊಡಲಿ ಎನ್ನುವುದು ಎರಡನೆಯ ಉತ್ತರ. ನಮ್ಮ ದೇಶ ಹಿಡಿದದ್ದು ಈ ದಾರಿಯನ್ನು. 1978ರ ಕಾಯಿದೆಯಿಂದ ತಟರಕ್ಷಕ ದಳ ವಿಧಿವತ್ತಾಗಿ ಸ್ಥಾಪಿತವಾಯಿತು. ಕಡಲಿನಲ್ಲಿ ಆಪತ್ತಿಗೆ ಸಿಕ್ಕವರು 1554 ಎಂಬ ಸಂಖ್ಯೆಗೆ ಕರೆ ಮಾಡಬಹುದು. 2005ರ ವಿಪತ್ತು ನಿರ್ವಹಣೆಯ ಕಾಯಿದೆಯಿಂದ ರಾಷ್ಟ್ರೀಯ ಪಡೆ ಹುಟ್ಟಿತು. ಅದರ ಒಂದು ಬೆಟಾಲಿಯನ್ ಪುಣೆಯ ಹತ್ತಿರವಿದೆ. ಈ ಪಡೆಗಳ ಸೇವೆಯನ್ನು ಕಡಮೆಯೆಂದು ಬಗೆಯುವವನು ಕೃತಘ್ನ. ಕರದ ಹಣಕ್ಕೆ ಒಂದು ದೊಡ್ಡ ಗುಣವಿದೆ: ಜನರ ಮನಸ್ಸು ತಣ್ಣಗಾದರೂ ಅದು ಬತ್ತುವುದಿಲ್ಲ. ಆದರೆ ಪುಣೆಯಿಂದ ಭೀಮೆಯ ದಂಡೆಗೆ ಬರಲು ತಾಸುಗಳು ಬೇಕು. ನೀರು ಅಷ್ಟು ಹೊತ್ತು ಕಾಯುವುದಿಲ್ಲ. ಮೊದಲ ತಾಸು ಯಾವಾಗಲೂ ನೆರೆಯವನದು. ಕಡಲಿನಲ್ಲಿಯೂ ಮಗುಚಿದ ದೋಣಿಯ ಬಳಿಗೆ ಎಷ್ಟೋ ಸಲ ಮೊದಲು ಬರುವುದು ಇನ್ನೊಂದು ಮೀನುದೋಣಿಯೇ.

ಇನ್ನೊಂದು ತೊಡಕೂ ಇದೆ. ಸರಕಾರಕ್ಕೆ ಗಡಿಯಿದೆ, ನೀರಿಗೆ ಇಲ್ಲ. 2018ನೆಯ ಡಿಸೆಂಬರದಲ್ಲಿ ಕರ್ನಾಟಕದ ಮಲ್ಪೆಯಿಂದ ಏಳು ಜನರೊಡನೆ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುದೋಣಿ ಕಣ್ಮರೆಯಾಯಿತು. 2019ರಲ್ಲಿ ಅದರ ಅವಶೇಷಗಳು ದೊರೆತದ್ದು ಮಹಾರಾಷ್ಟ್ರದ ಮಾಲವಣದ ಕಡಲಿನಲ್ಲಿ. ನಮ್ಮ ಭೀಮೆಗೆ ಈ ದಡದಲ್ಲಿ ಅಕ್ಕಲಕೋಟೆ, ಆ ದಡದಲ್ಲಿ ಇಂಡಿ. ಈ ದಡದ ಅಂಬಿಗನು ಆ ದಡದವನನ್ನು ಎತ್ತಿದರೆ ಹಲಗೆಯ ಖರ್ಚನ್ನು ಯಾವ ಕಚೇರಿಗೆ ಬರೆಯಬೇಕು? ಮಾತಿಗೆ ಮಾತು ಜೋಡಿಸಲು ಇದನ್ನು ಕೇಳುತ್ತಿಲ್ಲ. ಗಡಿನಾಡಿನಲ್ಲಿ ಬದುಕುವ ನಮಗೆ ಇಂಥ ಪ್ರಶ್ನೆಗಳ ರುಚಿ ಚೆನ್ನಾಗಿ ಗೊತ್ತು.

ಹೀಗಾಗಿ ಮೂರನೆಯ ಉತ್ತರ ವಂತಿಗೆ. ಅದರ ಶಕ್ತಿಯನ್ನು ಅಕ್ಕಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಾಮಿ ಸಮರ್ಥರ ಸನ್ನಿಧಿಯಲ್ಲಿ ಭಕ್ತರ ಕಾಣಿಕೆಯಿಂದಲೇ ಅನ್ನಛತ್ರ ನಡೆಯುತ್ತದೆ. ದಿನವೂ ಸಾವಿರಾರು ಎಲೆಗಳು ಏಳುತ್ತವೆ. ಆದರೆ ಹಸಿವು ದಿನಾಲು ಬರುತ್ತದೆ, ಭಕ್ತನೂ ದಿನಾಲು ಬರುತ್ತಾನೆ. ಪೂರ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗ ಕೈ ಸಡಿಲಾಗುತ್ತದೆ. ನೀರು ಇಳಿದಂತೆ ಕರುಣೆಯೂ ಇಳಿಯುತ್ತದೆ. ಇಂಗ್ಲೆಂಡಿನ ಮೌಜಲ್ ಎಂಬ ಪುಟ್ಟ ಊರಿನ ಎಂಟು ಜನ ಸ್ವಯಂಸೇವಕರು 1981ನೆಯ ಡಿಸೆಂಬರ 19ರ ರಾತ್ರಿ ಒಂದೇ ದೋಣಿಯಲ್ಲಿ ಹೋಗಿ ಮರಳಿ ಬರಲಿಲ್ಲ. ಹೊರಡುವಾಗ ಅವರ ನಾಯಕನು ತಂದೆ ಹತ್ತಿದ್ದ ದೋಣಿಗೆ ಮಗನನ್ನು ಹತ್ತಗೊಡಲಿಲ್ಲ. ಒಂದೇ ಮನೆಯ ಇಬ್ಬರು ಬೇಡವೆಂದು ಅವನ ವಿಚಾರ. ಆ ಊರಿಗೆ ದೇಶವೆಲ್ಲ ಕೂಡಿ 30 ಲಕ್ಷ ಪೌಂಡುಗಳಿಗಿಂತ ಹೆಚ್ಚು ಕಳುಹಿಸಿತು. ಹಣ ದುಃಖದ ಬೆನ್ನ ಹಿಂದೆ ಓಡಿ ಬಂದಿತು. ಆದರೆ ಒಂದು ದಿನದೊಳಗೆ ಹೊಸ ತಂಡಕ್ಕೆ ಸಾಕಾಗುವಷ್ಟು ಜನ ಅದೇ ಊರಿನಲ್ಲಿ ಮುಂದೆ ಬಂದರೆಂಬುದು ನನಗೆ ಆ ಹಣಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ನಮ್ಮ ಪೂರ್ವಿಕರ ಒಂದು ಪದ್ಧತಿ ನೆನಪಿಗೆ ಬರುತ್ತದೆ: ಆಯ. ಮರಾಠಿಯಲ್ಲಿ ಬಲುತೆ ಎನ್ನುತ್ತಾರೆ. ಬಡಿಗ, ಕಮ್ಮಾರ, ಕುಂಬಾರ ಮೊದಲಾದವರಿಗೆ ರೈತನು ರಾಶಿಯ ಕಾಲಕ್ಕೆ ಕಣದಲ್ಲಿಯೇ ಕಾಳಿನ ಪಾಲು ಅಳೆದು ಕೊಡುತ್ತಿದ್ದನು. ಬಲುತೇದಾರರ ಪಟ್ಟಿಗಳಲ್ಲಿ ನೀರಿನ ಕೆಲಸದ ಕೋಳಿಯೂ ಬರುತ್ತಾನೆ. ಆ ಪದ್ಧತಿಯಲ್ಲಿ ಜಾತಿಯ ಕಟ್ಟು, ಮೇಲು ಕೀಳಿನ ಕಹಿ ಎರಡೂ ಇದ್ದುವು. ಅದು ಮರಳಿ ಬರಲೆಂದು ಯಾವ ವಿವೇಕಿಯೂ ಹಾರೈಸಲಾರ. ಆದರೆ ಅದರೊಳಗಿನ ಒಂದು ವಿಚಾರವನ್ನು ಉಳಿಸಿಕೊಳ್ಳಬಹುದು. ಆಯವು ದಾನವೂ ಅಲ್ಲ, ಆ ಹೊತ್ತಿನ ಕೂಲಿಯೂ ಅಲ್ಲ. ಕುಳ ಮುರಿಯುವ ಮೊದಲೇ ಕಮ್ಮಾರನ ಪಾಲು ಅವನಿಗೆ ಮುಟ್ಟಿರುತ್ತಿತ್ತು. ಮುಳುಗುವ ಹೊತ್ತಿನಲ್ಲಿ ಕೊಡುವುದಕ್ಕಿಂತ ಬೆಳೆ ಬಂದ ಹೊತ್ತಿನಲ್ಲಿ ಕೊಡುವುದು ಮೇಲು. ಸಿದ್ಧರಾಮನು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿದ್ದು ಮುಂದಿನ ಬಾಯಾರಿಕೆಗಾಗಿ. ಬರಗಾಲದಲ್ಲಿ ಬಾವಿ ತೋಡುವವನ ಕರುಣೆ ದೊಡ್ಡದೇ ಇರಬಹುದು. ಬರಕ್ಕೆ ಮೊದಲು ತೋಡಿದವನ ಧರ್ಮ ಅದಕ್ಕಿಂತ ದೊಡ್ಡದು.

ಆದರೆ ಆ ಸಿದ್ಧರಾಮನ ಬಳಿಗೇ ಅಲ್ಲಮಪ್ರಭು ಬಂದನು. ಕೆರೆ ಕಟ್ಟುವ ಕೆಲಸದಲ್ಲಿ ಮುಳುಗಿದ್ದ ಅವನನ್ನು ಒಡ್ಡರಾಮನೆಂದು ಕೆಣಕಿದನೆಂಬ ಕಥೆ ಶೂನ್ಯಸಂಪಾದನೆಯಲ್ಲಿದೆ. ಕೆರೆ ಬೇಡವೆಂಬುದು ಪ್ರಭುವಿನ ಅಭಿಪ್ರಾಯವಾಗಿರಲಾರದು. ‘ನಾನು ಕಟ್ಟಿದೆ’ ಎಂಬ ಭಾವ ಬೇಡವೆಂಬುದೇ ಅದರ ತಿರುಳು. ಈ ಎಚ್ಚರ ವಂತಿಗೆ ಕೊಡುವವರಿಗೆಲ್ಲ ಬೇಕು. ಇಂಗ್ಲೆಂಡಿನ ಜೀವರಕ್ಷಕ ದೋಣಿಗಳಿಗೂ ಎಷ್ಟೋ ಸಲ ದಾನಿಗಳ ಹೆಸರುಗಳಿರುತ್ತವೆ. ನಮ್ಮಲ್ಲಂತೂ ಗುಡಿಯ ಫ್ಯಾನಿನ ರೆಕ್ಕೆಯ ಮೇಲೆ, ಶಾಲೆಯ ಗಡಿಯಾರದ ಮುಖದ ಮೇಲೆ ಕೊಟ್ಟವರ ಹೆಸರು ತಿರುಗುತ್ತಿರುತ್ತದೆ. ಹೆಸರಿನ ಆಸೆಯಿಂದ ಒಂದು ದೋಣಿ ಹೆಚ್ಚು ತೇಲುವುದಾದರೆ ತೇಲಲಿ. ಮುಳುಗುವವನಿಗೆ ಹಲಗೆ ಮುಖ್ಯ, ಹಲಗೆಯ ಮೇಲಿನ ಅಕ್ಷರ ಮುಖ್ಯವಲ್ಲ. ಆದರೆ ಹೆಸರು ಬರೆಯಲು ಸ್ಥಳವಿಲ್ಲದ ವಸ್ತುಗಳೂ ಇವೆ: ಹಗ್ಗ, ಎಣ್ಣೆ, ಅಂಬಿಗನ ಮನೆಯ ಜೋಳ. ಅವುಗಳಿಗೆ ಕೊಡುವವನೇ ನಿಜವಾದ ಕೊಡುಗೈ.

ಹಾಗಾದರೆ ನಿರ್ಣಯವೇನು? ನನಗೆ ತೋರುವುದು ಇಷ್ಟು. ಪ್ರಾಣವನ್ನು ಒಡ್ಡುವುದನ್ನು ಯಾವ ಕಾಯಿದೆಯೂ ನೆರೆಯವನಿಗೆ ಕಡ್ಡಾಯ ಮಾಡಲಾರದು. ಮಾಡಬಾರದು ಕೂಡ. ಆ ಒಂದು ಹೆಜ್ಜೆ ಅವನ ಸ್ವಂತ ಮನಸ್ಸಿನಿಂದಲೇ ಬರಬೇಕು. ಬಂದಾಗ ಅದಕ್ಕೆ ಬೆಲೆಯಿಲ್ಲ. ಆದರೆ ಹಗ್ಗ, ಹಲಗೆ, ಎಣ್ಣೆ, ಸತ್ತವನ ಸಂಸಾರ ಇವು ಎಲ್ಲರ ಹೊಣೆ. ಈ ಹೊಣೆಯ ದೊಡ್ಡ ಪಾಲನ್ನು ಸರಕಾರ ಕರದಿಂದ ಹೊರಬೇಕು. ಮೊದಲ ತಾಸಿನ ಪಾಲನ್ನು ದಂಡೆಯ ಊರು ತನ್ನ ಬೆಳೆಯಿಂದ, ನೀರು ಬರುವ ಮೊದಲೇ, ತೆಗೆದಿಡಬೇಕು. ಸರಕಾರ ಕೊಟ್ಟರೆ ಜನರ ಪ್ರೀತಿ ಬತ್ತೀತೆಂಬ ಇಂಗ್ಲಿಷರ ಭಯ ಸುಳ್ಳಲ್ಲ. ಆದುದರಿಂದಲೇ ಊರಿನ ಪಾಲು ಸಣ್ಣದಾದರೂ ಇರಲೇಬೇಕು. ಒಂದು ಮುಷ್ಟಿ ಜೋಳ ಕೊಟ್ಟವನು ಆ ದೋಣಿಯನ್ನು ‘ನಮ್ಮ ದೋಣಿ’ ಎನ್ನುತ್ತಾನೆ. ಅಂಬಿಗನನ್ನು ‘ನಮ್ಮ ಅಂಬಿಗ’ ಎನ್ನುತ್ತಾನೆ. ಕರ ಕಟ್ಟಿದವನಿಗೆ ರಸೀದಿ ದೊರೆಯುತ್ತದೆ; ಮುಷ್ಟಿ ಜೋಳ ಕೊಟ್ಟವನಿಗೆ ದೊರೆಯುವುದು ಸಂಬಂಧ.

ಆದುದರಿಂದ ಹುಡುಗನ ಪ್ರಶ್ನೆಗೆ ನನ್ನ ಉತ್ತರ: ಎತ್ತಬೇಕಪ್ಪಾ, ಮುಳುಗುವವರನ್ನು ಎತ್ತುವುದಕ್ಕೂ ಪಟ್ಟಿ ಎತ್ತಬೇಕು. ಆದರೆ ಅದನ್ನು ಭಿಕ್ಷೆಯೆಂದು ಎತ್ತಬಾರದು, ಸಾಲವೆಂದು ಎತ್ತಬೇಕು. ಪೂರ ಬಂದಾಗ ಎತ್ತಬಾರದು, ರಾಶಿ ಬಂದಾಗ ಎತ್ತಬೇಕು.

ಈ ಉತ್ತರವನ್ನು ವರ್ಗದಲ್ಲಿ ಹೇಳಿದ ಮೇಲೆ ಸುಮ್ಮನೆ ಕುಳಿತುಕೊಳ್ಳುವಂತಿರಲಿಲ್ಲ. ಈ ಸುಗ್ಗಿಯಲ್ಲಿ ನಾವು ಮಾಸ್ತರರೂ ಮಕ್ಕಳೂ ಕೂಡಿ ಮನೆಮನೆಗೆ ಹೋದೆವು. ಕೆಲವರು ರೊಕ್ಕ ಕೊಟ್ಟರು, ಕೆಲವರು ಕಾಳು ಕೊಟ್ಟರು, ಒಬ್ಬ ಬಡಿಗ ಮೂರು ದಿನದ ಕೆಲಸ ಕೊಟ್ಟನು. ದೋಣಿಗೆ ಹಲಗೆ ಬಿದ್ದಿತು. ಒಂದು ಹೊಸ ಹಗ್ಗ, ನಾಲ್ಕು ತೇಲಂಗಿಗಳು ಬಂದುವು. ಈ ಸಲ ಶಾಲು ಒಯ್ಯಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಇಷ್ಟು ವರ್ಷ ತಡವಾಯಿತೆಂದು ಮುದುಕನ ಮುಂದೆ ಕೈ ಮುಗಿದೆ. ಅವನು ಹಗ್ಗವನ್ನು ಎಳೆದೆಳೆದು ಗಟ್ಟಿಯಿದೆಯೇ ಎಂದು ನೋಡಿದ. ಹೊಸ ಹಲಗೆಯ ಮೇಲೆ ಅಂಗೈ ಆಡಿಸಿದ. ಆಮೇಲೆ ನನ್ನ ಕಡೆಗೆ ತಿರುಗಿ ಹೇಳಿದ:

“ಈ ಸಲ ಹೊಳಿ ಬರೂದ್ಕಿಂತ ಮೊದಲ ಬಂದೀರಲ್ರಿ ಮಾಸ್ತರ. ಚೊಲೊ ಆತು.”